ಬ್ಯಾಕ್ಟೀರಿಯಾ ಬೇಟೆಗಾರರಿಂದ ಹೇಗೆ ಬಚಾವಾಗುತ್ತವೆ? ನೆಲ್ಲು ಹುಲ್ಲಿನ ನೀರಲ್ಲಿ ನೋಡಿ

ನೀರಲ್ಲಿ ಬ್ಯಾಕ್ಟೀರಿಯಾವನ್ನು ಬೇಟೆಯಾಡಿ ತಿನ್ನುವ ಸಣ್ಣ ಜೀವಿಗಳಿವೆ, ಅಮೀಬಾದಂಥವು. ಅವುಗಳಿಂದ ಬ್ಯಾಕ್ಟೀರಿಯಾ ಹೇಗೆ ತಪ್ಪಿಸಿಕೊಳ್ಳುತ್ತವೆ ಅಂತ ನೀವೇ ನೋಡಬಹುದು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರಿಗೆ ಈ ಪ್ರಯೋಗಕ್ಕೆ ಖರ್ಚೇ ಇಲ್ಲ. ಬಣವೆಯಿಂದ ಒಂದು ಹಿಡಿ ನೆಲ್ಲು ಹುಲ್ಲು, ಗದ್ದೆ ನೀರು, ಎರಡು ಗಾಜಿನ ಬಾಟಲಿ ಸಾಕು. 400 ಪಟ್ಟು ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪ್ ಮಾತ್ರ ಬೇಕೇ ಬೇಕು. ಹತ್ತಿರದ ಪಿಯು ಕಾಲೇಜಿನ ಲ್ಯಾಬಿನಲ್ಲಿ ಕೇಳಿ ನೋಡಿ.

ಹುಲ್ಲನ್ನು ಬೆರಳುದ್ದ ಕತ್ತರಿಸಿ ಒಂದು ಲೀಟರ್ ನೀರಲ್ಲಿ ಹತ್ತು ನಿಮಿಷ ಕುದಿಸಿ. ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ತೆರೆದಿಡಿ, ಕ್ಲೋರಿನ್ ಹೋಗಲಿ. ಕುದಿಸಿದರೆ ಎಲ್ಲಾ ಸಾಯುತ್ತವೆ ಅಲ್ವಾ ಅಂತ ಅನ್ನಿಸಬಹುದು. ಇಲ್ಲ. ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚ ಹೊದ್ದು ಮಲಗಿದ ರೂಪ, ಕುದಿಯುವ ನೀರನ್ನೂ ತಡೆದುಕೊಳ್ಳುತ್ತವೆ. ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಕೋನ್ 1876ರಲ್ಲಿ ಇದನ್ನು ವಿವರಿಸಿದ್ದು ಇಂಥದ್ದೇ ಹುಲ್ಲಿನ ಕಷಾಯ ನೋಡಿ. ಆರಿದ ಮೇಲೆ ಸೋಸಿ ಎರಡೂ ಬಾಟಲಿಗೆ ಅರ್ಧರ್ಧ ಹಾಕಿ, ಬಟ್ಟೆ ಕಟ್ಟಿ ನೆರಳಲ್ಲಿಡಿ. ನಮ್ಮ ಬೇಸಿಗೆಯ ಬಿಸಿಲಲ್ಲಿ ಇಟ್ಟರೆ ಕೆಟ್ಟಿತು.

ಒಂದೆರಡು ದಿನಕ್ಕೆ ನೀರು ಮಬ್ಬಾಗುತ್ತದೆ. ಅದೇ ಬ್ಯಾಕ್ಟೀರಿಯಾ. ಈಗ ಒಂದು ಬಾಟಲಿಗೆ ಮಾತ್ರ ಗದ್ದೆಯ ತಳದ ನೀರು ಎರಡು ಚಮಚ ಹಾಕಿ, ಇನ್ನೊಂದನ್ನು ಹಾಗೇ ಬಿಡಿ. ಈ ಎರಡನೇ ಬಾಟಲಿ ಇಲ್ಲದಿದ್ದರೆ ಯಾವ ಬದಲಾವಣೆಯನ್ನೂ ಬೇಟೆಗಾರರ ತಲೆಗೆ ಕಟ್ಟೋಕೆ ಆಗಲ್ಲ, ಹಾಗಾಗಿ ಸೋಮಾರಿತನ ಬೇಡ.

ಮೂರ್ನಾಲ್ಕು ದಿನ ಬಿಟ್ಟು ಎರಡೂ ಬಾಟಲಿಯಿಂದ ಒಂದೊಂದು ಹನಿ ತೆಗೆದು ಹೋಲಿಸಿ ನೋಡಿ. ಹನಿಯಲ್ಲಿ ಹತ್ತಿಯ ಎರಡು ಎಳೆ ಹಾಕಿದರೆ ಓಡಾಡುವವು ನಿಧಾನವಾಗುತ್ತವೆ. ಗದ್ದೆ ನೀರು ಹಾಕಿದ್ದರಲ್ಲಿ ಪ್ಯಾರಮೀಸಿಯಮ್ ಅನ್ನೋ ಒಂದೇ ಕೋಶದ ಬೇಟೆಗಾರ ಸಿಕ್ಕರೆ ಅದೃಷ್ಟ. ಸುಮಾರು 0.2 ಮಿಲಿಮೀಟರ್ ಉದ್ದ, ಮೈತುಂಬಾ ಸಣ್ಣ ರೋಮ. ಪಕ್ಕದಲ್ಲಿರುವ ಬಾಯಿಯ ಕಡೆಗೆ ರೋಮಗಳು ನೀರನ್ನು ತಳ್ಳುತ್ತಲೇ ಇರುತ್ತವೆ, ಒಳಗೆ ನುಂಗಿದ ಬ್ಯಾಕ್ಟೀರಿಯಾ ಗುಂಡು ಗುಂಡು ಚೀಲಗಳಲ್ಲಿ ಮೈಯೊಳಗೆ ಸುತ್ತು ಹಾಕುತ್ತಿರುತ್ತವೆ. ಸುಮ್ನೆ ಅದನ್ನೇ ನೋಡುತ್ತಾ ಕೂತುಬಿಡಬಹುದು, ಆದರೆ ನಮಗೆ ಬೇಕಾದ್ದು ಅದರ ಸುತ್ತ ತಿನ್ನಿಸಿಕೊಳ್ಳದೆ ಉಳಿದವು ಯಾವುವು ಅನ್ನೋದು.

ಮೊದಲು ಉದ್ದ ಎಳೆಗಳನ್ನು ಹುಡುಕಿ. ಸಾಮಾನ್ಯ ಬ್ಯಾಕ್ಟೀರಿಯಾ ಮಿಲಿಮೀಟರ್‌ನ ಸಾವಿರದಲ್ಲಿ ಒಂದೆರಡು ಭಾಗದಷ್ಟೇ. ಎಳೆಯಾಗಿ ಬೆಳೆದದ್ದು ಜೋಳದ ದಂಟನ್ನು ಇಡಿಯಾಗಿ ನುಂಗಲು ಕೊಟ್ಟ ಹಾಗೆ, ಸಣ್ಣ ಬಾಯಿಗೆ ಹಿಡಿಸಲ್ಲ. ಬೇಟೆ ಜಾಸ್ತಿಯಾದಾಗ ಎಳೆಯಾಗುವ ಜಾತಿಗಳೂ ಇವೆ, ಮೊದಲಿಂದಲೇ ಎಳೆಯಾಗಿರುವವು ಉಳಿದು ಹೆಚ್ಚುವುದೂ ಉಂಟು. ಇವೆರಡರಲ್ಲಿ ಯಾವುದು ಅಂತ ಒಂದು ಹನಿ ನೋಡಿ ಹೇಳಬೇಡಿ. ಕವಲೊಡೆದ ದಪ್ಪ ಎಳೆ ಕಂಡರೆ ಅದು ಬೂಸ್ಟು, ಬಿಟ್ಟುಬಿಡಿ.

ಆಮೇಲೆ ಮೇಲಿನ ಕೆನೆಯಂಥ ಪದರವನ್ನು ಕಡ್ಡಿಯಿಂದ ಸ್ವಲ್ಪ ಎತ್ತಿ ನೋಡಿ. ಸಾವಿರಾರು ಬ್ಯಾಕ್ಟೀರಿಯಾ ಲೋಳೆಯಲ್ಲಿ ಅಂಟಿಕೊಂಡಿರುತ್ತವೆ. ಈಜುತ್ತಾ ಸೋಸಿ ತಿನ್ನುವವಕ್ಕೆ ಈ ಗುಂಪು ದಕ್ಕುವುದಿಲ್ಲ. ಅಮೀಬಾ ಮಾತ್ರ ತೆವಳಿ ಬಂದು ಅಂಚನ್ನು ಮೇಯುತ್ತದೆ. ಯಾವ ರಕ್ಷಣೆಯೂ ಎಲ್ಲರಿಗೂ ಸಾಲಲ್ಲ.

ಕಣ್ಣಿಗೆ ಕಾಣದ ಉಪಾಯಗಳೂ ಇವೆ. ನಮ್ಮ ರೈತರು ಬೀಜೋಪಚಾರಕ್ಕೆ ತರುವ ಸುಡೊಮೊನಾಸ್ ಪುಡಿ ಗೊತ್ತಲ್ಲ, ಅದರಲ್ಲಿರುವ ಸುಡೊಮೊನಾಸ್ ಫ್ಲೋರೆಸೆನ್ಸ್‌ನ ಕೆಲವು ತಳಿಗಳು ಬೇರಿನ ಸುತ್ತ ವಿಷ ಬಿಡುತ್ತವೆ, ಅಮೀಬಾ ಹತ್ತಿರ ಬಂದ ಸುಳಿವು ಸಿಕ್ಕರೆ ಇನ್ನೂ ಜಾಸ್ತಿ. ಬೆಳೆಗೆ ರೋಗ ತರುವ ಶಿಲೀಂಧ್ರವನ್ನು ತಡೆಯುವುದೂ ಅದೇ ವಿಷ! ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇನ್ನೂ ಗಟ್ಟಿಗ. ನುಂಗಿಸಿಕೊಂಡು ಅಮೀಬಾದ ಒಳಗೇ ಮರಿ ಮಾಡುತ್ತದೆ. ನಮ್ಮ ಶ್ವಾಸಕೋಶದ ಬಿಳಿ ರಕ್ತಕಣಗಳಲ್ಲೂ ಅದೇ ಆಟ ಆಡುವುದರಿಂದಲೇ ಅದು ನ್ಯುಮೋನಿಯಾ ತರುವುದು.

ಚರಂಡಿ ನೀರು ಮಾತ್ರ ತರಬೇಡಿ. ಕೈಗೆ ಗಾಯ ಇದ್ದರೆ ಬಾಟಲಿ ಮುಟ್ಟಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ತೊಳೆಯಿರಿ. ಮುಗಿದ ಮೇಲೆ ಎರಡೂ ಬಾಟಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಒಂದು ತಾಸು ಬಿಟ್ಟು ಚೆಲ್ಲಿ. ಆ ಬಾಟಲಿಗಳನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ.