ಚಳಿಗಾಲದ ಗುಂಡಿಗೆ ಟೈರ್ ಹೋಯ್ತಾ? ಇಂಗ್ಲೆಂಡಿನಲ್ಲಿ ಪರಿಹಾರ ಕೇಳುವುದು ಹೀಗೆ

ಜನವರಿ ರಾತ್ರಿ. ಗೆಳೆಯರ ಮನೆಯಲ್ಲಿ ಸಂಕ್ರಾಂತಿ ಮುಗಿಸಿ ವಾಪಸ್ ಬರುತ್ತಿದ್ದೆವು. ಮಳೆ ನಿಂತಿತ್ತು. ರಸ್ತೆಯ ಎಡ ಅಂಚಿನಲ್ಲಿ ಅಲ್ಲಲ್ಲಿ ನೀರು. ಅದರಲ್ಲೊಂದು ಬರೀ ನೀರಲ್ಲ, ಗುಂಡಿ ಅಂತ ಗೊತ್ತಾಗಿದ್ದು ಢಬ್ ಅಂದ ಮೇಲೆ. ಹೆಂಡತಿಯ ತೊಡೆ ಮೇಲಿದ್ದ ಎಳ್ಳು-ಬೆಲ್ಲದ ಡಬ್ಬಿ ಹಾರಿ ಕೆಳಗೆ ಬಿತ್ತು. ಬೆಳಿಗ್ಗೆ ನೋಡಿದರೆ ಎಡಗಡೆ ಮುಂದಿನ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ರಿಮ್ಮಿನ ಅಂಚು ಬಾಗಿತ್ತು. ಎಳ್ಳು ಇವತ್ತಿಗೂ ಸೀಟಿನ ಸಂದಿಯಲ್ಲಿ ಸಿಗುತ್ತದೆ.

ನಮ್ಮೂರಲ್ಲಿ ಗುಂಡಿ ಬೀಳುವುದು ಮಳೆಗಾಲದಲ್ಲಿ, ಇಲ್ಲಿ ಚಳಿಗಾಲದಲ್ಲಿ. ಟಾರಿನ ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯಾದ ನೀರು ಸುಮಾರು ಶೇ 9ರಷ್ಟು ಹಿಗ್ಗಿ ಬಿರುಕನ್ನು ಅಗಲ ಮಾಡುತ್ತದೆ. ಹಗಲು ಕರಗಿ ಇನ್ನಷ್ಟು ಕೆಳಗಿಳಿಯುತ್ತದೆ, ರಾತ್ರಿ ಮತ್ತೆ ಅದೇ ಕತೆ. ಸೊನ್ನೆ ಡಿಗ್ರಿಯ ಆಚೀಚೆ ಓಲಾಡುವ ಇಂಗ್ಲೆಂಡಿನ ಚಳಿ ಇದಕ್ಕೆ ಹೇಳಿ ಮಾಡಿಸಿದ್ದು. ಸಡಿಲಾದ ಟಾರಿನ ಮೇಲೆ ನಾಲ್ಕು ಲಾರಿ ಹೋದರೆ ಸಾಕು.

ಮೊದಲು ಗುಂಡಿಯ ಫೋಟೊ

ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಮಾತ್ರ ಇಳಿಯಿರಿ. ಮೋಟರ್‌ವೇ ಆದರೆ ಫೋಟೊ ಆಸೆ ಬಿಟ್ಟುಬಿಡಿ. ಬೇರೆ ಕಡೆ ಹಗಲಲ್ಲಿ ಮತ್ತೆ ಹೋದರೂ ಆಗುತ್ತದೆ, ಆದರೆ ಬೇಗ ಹೋಗಿ. ನೀವು ಹೋಗುವಷ್ಟರಲ್ಲಿ ಮುಚ್ಚಿದರೆ ಸಾಕ್ಷಿಯೇ ಇಲ್ಲ. ದೂರದಿಂದ ಒಂದು, ಹತ್ತಿರದಿಂದ ಒಂದು, ಅಳತೆ ಪಟ್ಟಿ ಇಟ್ಟು ಒಂದು ಫೋಟೊ ತೆಗೆಯಿರಿ. ಇಲ್ಲಿನ ಬೀದಿದೀಪದ ಕಂಬಗಳ ಮೇಲೆ ನಂಬರ್ ಇರುತ್ತದೆ. ಹತ್ತಿರದ ಕಂಬದ ನಂಬರನ್ನು ಬರೆದುಕೊಳ್ಳಿ. ಗುಂಡಿ ಎಲ್ಲಿದೆ ಅಂತ ಹೇಳಲು ಅದಕ್ಕಿಂತ ಒಳ್ಳೆ ಗುರುತು ಇಲ್ಲ.

ಆಳ ಎಷ್ಟಿರಬೇಕು? ಕಾನೂನಿನಲ್ಲಿ ಇಷ್ಟೇ ಅಂತ ಇಲ್ಲ. ಬಹಳಷ್ಟು ಕೌನ್ಸಿಲ್‌ಗಳು (ಇಲ್ಲಿನ ಸ್ಥಳೀಯ ಆಡಳಿತ ಸಂಸ್ಥೆಗಳು) 40 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಎರಡು ಬೆರಳಗಲ, ಇದ್ದರೆ ರಿಪೇರಿ ಮಾಡುವ ಗುಂಡಿ ಅಂತ ಲೆಕ್ಕ ಹಾಕುತ್ತವೆ.

ರಸ್ತೆ ಯಾರದ್ದು?

ಇಲ್ಲಿ ಎಡವುವವರೇ ಜಾಸ್ತಿ. ಮೋಟರ್‌ವೇ ಮತ್ತು ದೊಡ್ಡ 'ಎ' ರಸ್ತೆಗಳು ನ್ಯಾಷನಲ್ ಹೈವೇಸ್ ಎಂಬ ಸರ್ಕಾರಿ ಸಂಸ್ಥೆಯ ಕೈಯಲ್ಲಿವೆ. ಲಂಡನ್ನಿನ ಕೆಂಪು ಗೆರೆಯ ರಸ್ತೆಗಳು ಅಲ್ಲಿನ ಸಾರಿಗೆ ಸಂಸ್ಥೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ನವು. ಉಳಿದದ್ದು ಸ್ಥಳೀಯ ಕೌನ್ಸಿಲ್. ಕೌಂಟಿ ಮತ್ತು ಡಿಸ್ಟ್ರಿಕ್ಟ್ ಅಂತ ಎರಡು ಕೌನ್ಸಿಲ್ ಇರುವ ಕಡೆ ರಸ್ತೆ ಕೌಂಟಿಯದ್ದು, ಕಸ ಡಿಸ್ಟ್ರಿಕ್ಟಿನದ್ದು. ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಗುಂಡಿ ಇದ್ದರೆ ಆ ಜಾಗದ ಮಾಲೀಕರನ್ನು ಕೇಳಬೇಕು. ಗುಂಡಿ ಚೌಕಾಕಾರದ ತೇಪೆಯ ಮೇಲೆ ಬಿದ್ದಿದ್ದರೆ ಗ್ಯಾಸಿನವರೋ ನೀರಿನವರೋ ಅಗೆದು ಮುಚ್ಚಿದ್ದಿರಬಹುದು. ಕೌನ್ಸಿಲ್ ಅವರ ಕಡೆ ಕೈ ತೋರಿಸುತ್ತದೆ.

ಕೌನ್ಸಿಲ್‌ನ ವೆಬ್‌ಸೈಟಿನಲ್ಲೋ ರಸ್ತೆ ದೂರುಗಳಿಗೆಂದೇ ಇರುವ ಫಿಕ್ಸ್‌ಮೈಸ್ಟ್ರೀಟ್ ಎಂಬ ವೆಬ್‌ಸೈಟಿನಲ್ಲೋ ಗುಂಡಿಯ ದೂರು ಕೊಡಿ. ಅದು ಬೇರೆ, ಪರಿಹಾರದ ಅರ್ಜಿ ಬೇರೆ. ಅರ್ಜಿಗೆ ಫೋಟೊ, ಗ್ಯಾರೇಜಿನ ಬಿಲ್ಲು, ದಿನ, ಹೊತ್ತು ಎಲ್ಲ ಸೇರಿಸಿ ಕಳಿಸಿ.

'ಇಲ್ಲ' ಅಂದರೆ?

ಅನ್ನುತ್ತಾರೆ. ನನಗೂ ಅಂದರು. ನಮ್ಮ ಕೌನ್ಸಿಲ್‌ನಿಂದ ಎರಡು ಪುಟದ ನಯವಾದ ಪತ್ರ ಬಂತು. ಅದರಲ್ಲಿ ಕೆಲಸಕ್ಕೆ ಬರುವ ಮಾತು ಒಂದೇ: ಸೆಕ್ಷನ್ 58.

1980ರ ಹೈವೇಸ್ ಕಾಯ್ದೆಯ ಸೆಕ್ಷನ್ 41 ಪ್ರಕಾರ ರಸ್ತೆ ಸರಿಯಾಗಿ ಇಟ್ಟುಕೊಳ್ಳುವುದು ಅವರ ಹೊಣೆ. ಆದರೆ ಸೆಕ್ಷನ್ 58 ಅವರಿಗೊಂದು ಗುರಾಣಿ. 'ನಾವು ಹೊತ್ತು ಹೊತ್ತಿಗೆ ರಸ್ತೆ ನೋಡಿದ್ದೇವೆ, ಆಗ ಗುಂಡಿ ಇರಲಿಲ್ಲ, ಯಾರೂ ಹೇಳಿರಲಿಲ್ಲ' ಅಂತ ದಾಖಲೆ ಸಮೇತ ತೋರಿಸಿದರೆ ಬಚಾವ್. ಹಾಗಾಗಿ ಜಗಳ ಗುಂಡಿಯ ಆಳದ ಬಗ್ಗೆ ಅಲ್ಲ. ಅವರಿಗೆ ಯಾವಾಗ ಗೊತ್ತಿತ್ತು, ಗೊತ್ತಿರಬೇಕಿತ್ತು ಎನ್ನುವುದರ ಬಗ್ಗೆ.

ಅದನ್ನು ಹೊರಗೆ ತೆಗೆಯಲು 2000ನೇ ಇಸವಿಯ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಇದೆ. ನಮ್ಮ ಆರ್‌ಟಿಐ ಇದ್ದ ಹಾಗೆಯೇ. ಉತ್ತರ ಕೊಡಲು ಅಲ್ಲಿ 30 ದಿನ, ಇಲ್ಲಿ 20 ಕೆಲಸದ ದಿನ. ಒಂದು ಇಮೇಲ್ ಸಾಕು. ನಾನು ಕೇಳಿದ್ದು ನಾಲ್ಕೇ: ಈ ರಸ್ತೆಯನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕೆಂದು ನಿಮ್ಮ ನಿಯಮ ಇದೆ? ಕಳೆದ ಒಂದು ವರ್ಷದಲ್ಲಿ ಯಾವ ಯಾವ ದಿನ ನೋಡಿದ್ದೀರಿ? ಈ ಜಾಗದ ಬಗ್ಗೆ ಯಾವ ದೂರು ಬಂದಿವೆ? ರಿಪೇರಿ ಆಗಿದ್ದು ಯಾವತ್ತು?

ಉತ್ತರದ ಜೊತೆ ಒಂದು ಪಟ್ಟಿ ಬಂತು. ನನ್ನ ಟೈರ್ ಹೋಗುವ 3 ವಾರ ಮೊದಲೇ ಒಬ್ಬ ಸೈಕಲ್ ಸವಾರರು ಅದೇ ಕಂಬದ ಹತ್ತಿರ ಗುಂಡಿ ಇದೆ ಅಂತ ದೂರು ಕೊಟ್ಟಿದ್ದರು! ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಆ ಸಾಲಿಗೆ ಬಣ್ಣ ಹಚ್ಚಿ, 'ದಯವಿಟ್ಟು ಮತ್ತೆ ನೋಡಿ' ಅಂತ ವಾಪಸ್ ಕಳಿಸಿದೆ. ಈ ಸಲ ಪತ್ರದಲ್ಲಿ ಸೆಕ್ಷನ್ 58 ಇರಲಿಲ್ಲ. ಟೈರ್ ಅರ್ಧ ಸವೆದಿತ್ತು ಅಂತ ಸ್ವಲ್ಪ ಮುರಿದುಕೊಂಡು ಉಳಿದದ್ದು ಕೊಟ್ಟರು. ಆ ಕಡಿತ ನ್ಯಾಯವೇ, ಹಳೇ ಟೈರಿಗೆ ಹೊಸದರ ದುಡ್ಡು ಕೇಳುವುದು ಸರಿಯಲ್ಲ, ಅಲ್ವಾ?

ಆ ಪಟ್ಟಿಯಲ್ಲಿ ನಿಮಗೆ ಅನುಕೂಲವಾದದ್ದು ಏನೂ ಸಿಗದಿದ್ದರೆ ಅಲ್ಲಿಗೇ ಬಿಡುವುದು ಒಳ್ಳೆಯದು. ಸಿಕ್ಕಿಯೂ ಅವರು ಒಪ್ಪದಿದ್ದರೆ ಸ್ಮಾಲ್ ಕ್ಲೇಮ್ಸ್‌ಗೆ, ಅಂದರೆ ಸಣ್ಣ ಮೊತ್ತದ ವ್ಯಾಜ್ಯ ನೋಡುವ ಕೋರ್ಟಿಗೆ, ಹೋಗಬಹುದು. 10,000 ಪೌಂಡ್‌ವರೆಗಿನ ವ್ಯಾಜ್ಯಕ್ಕೆ ಅಲ್ಲಿ ವಕೀಲರು ಬೇಕಿಲ್ಲ. 6 ವರ್ಷ ಕಾಲಾವಕಾಶ ಇದೆ. ಸ್ಕಾಟ್ಲೆಂಡಿನ ಕಾನೂನು ಬೇರೆ, ಅಲ್ಲಿರುವವರು ಇದನ್ನೇ ನಂಬಿಕೊಂಡು ಹೋಗಬೇಡಿ.

ಇನ್ಶೂರೆನ್ಸ್? ಸಣ್ಣ ಮೊತ್ತಕ್ಕೆ ಸುಮ್ನೆ ಅದನ್ನು ಮುಟ್ಟಬೇಡಿ. ನಷ್ಟದಲ್ಲಿ ಮೊದಲ ಒಂದಷ್ಟು ಮೊತ್ತ (ಎಕ್ಸೆಸ್) ನಿಮ್ಮ ಜೇಬಿನಿಂದಲೇ ಹೋಗುತ್ತದೆ, ನೋ ಕ್ಲೇಮ್ಸ್ ರಿಯಾಯಿತಿಗೂ ಪೆಟ್ಟು ಬೀಳಬಹುದು.

ಹಳೇ ಟೈರನ್ನು ಮಾತ್ರ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ನೋಡಬೇಕು ಅಂತ ಕೌನ್ಸಿಲ್‌ನವರು ಕೇಳಿದರೆ ತೋರಿಸಲು ಬೇಕು. ನಮ್ಮದು 5 ತಿಂಗಳು ಹಿತ್ತಲಿನ ಶೆಡ್ಡಿನಲ್ಲಿ ಕೂತಿತ್ತು.