ಫೋಟೋ ಕೆಳಗೆ ಏನು ಬರೆಯಬೇಕು, ಯಾವಾಗ ಸುಮ್ನಿರಬೇಕು

"ಒಳ್ಳೆ ಫೋಟೋಗೆ ಮಾತು ಯಾಕೆ?" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಕೈಗೆ ಶಿರಸಿಯಲ್ಲಿ ಹೋಳಿ ಹೊತ್ತಿಗೆ ಕುಣಿಯುವ ಬೇಡರ ವೇಷದ ಒಂದು ಫೋಟೋ ಕೊಟ್ಟು ನೋಡಿ. ಬಣ್ಣ ಬಳಿದ ಮುಖ, ದಪ್ಪ ಮೀಸೆ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ, ಗುರಾಣಿ. ಇಷ್ಟು ಕಣ್ಣಿಗೇ ಸಿಗುತ್ತದೆ. ಆದರೆ ಹಿಂದೆ ಇಬ್ಬರು ಅವನನ್ನು ಹಗ್ಗ ಹಾಕಿ ಹಿಡಿದು ಜಗ್ಗುತ್ತಿದ್ದಾರಲ್ಲ, ಅದ್ಯಾಕೆ? ರೊಚ್ಚಿಗೆದ್ದ ಬೇಡ, ನೋಡೋಕೆ ನಿಂತವರ ಮೇಲೆ ಏರಿ ಹೋಗದ ಹಾಗೆ ತಡೆಯೋಕೆ. ಇದು ಶಿರಸಿಯವರಿಗೆ ಹೇಳಬೇಕಾಗಿಲ್ಲ, ಮೈಸೂರಿನವರಿಗೆ ಹೇಳದೆ ಗೊತ್ತಾಗುವುದಿಲ್ಲ.

ಹಾಗಾಗಿ ಫೋಟೋಗೆ ಮಾತು ಬೇಕಾ ಬೇಡವಾ ಅಂತ ವಾದ ಮಾಡುತ್ತಾ ಕೂರುವ ಬದಲು, ನೋಡುವವರು ಯಾರು ಅಂತ ಮೊದಲು ಕೇಳಿಕೊಳ್ಳಿ. ಅಡಿಕೆ ಮರ ಹತ್ತಿ ಕೆಲಸ ಮಾಡುವ ಕೊನೆಗೌಡ ಮರದ ತುದಿಯಲ್ಲಿ ನಿಂತು ಬೋರ್ಡೋ ಔಷಧಿ ಹೊಡೆಯುವ ಫೋಟೋವನ್ನು ನಿಮ್ಮೂರಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಯಾರ ತೋಟ ಅನ್ನುವುದೊಂದು ಬರೆದರೆ ಸಾಕು. ಅದೇ ಫೋಟೋ ಬೆಂಗಳೂರಿನ ಪ್ರದರ್ಶನಕ್ಕೆ ಹೋದರೆ, ಆ ನೀಲಿ ಮಂಜು ಮೈಲುತುತ್ತು ಮತ್ತು ಸುಣ್ಣದ ದ್ರಾವಣ, ಮಳೆಗಾಲದ ಕೊಳೆರೋಗ ತಡೆಯೋಕೆ ಹೊಡೆಯುತ್ತಾರೆ ಅನ್ನುವ ಎರಡು ಸಾಲು ಬೇಕೇ ಬೇಕು. ಇಲ್ಲದಿದ್ದರೆ ಜನ "ಬಣ್ಣ ಚೆನ್ನಾಗಿದೆ" ಅಂದು ಮುಂದಿನ ಫೋಟೋಗೆ ಹೋಗುತ್ತಾರೆ.

ಏನು ಬರೆಯಬೇಕು ಅಂತ ತಿಳಿಯೋಕೆ ಒಂದು ಸುಲಭದ ದಾರಿ ಇದೆ. ಬರೆಯೋಕೆ ಕೂರುವ ಮೊದಲು, ಆ ಜಾಗದಲ್ಲಿ ಇಲ್ಲದಿದ್ದ ಒಬ್ಬರಿಗೆ ಫೋಟೋ ತೋರಿಸಿ. ನೀವು ಬಾಯಿ ಬಿಡಬೇಡಿ. ಕಷ್ಟ, ಆದರೂ ಬಿಡಬೇಡಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ. ಕಾರವಾರದ ಕಡಲ ತೀರದಲ್ಲಿ ರಾಂಪಣಿ ಬಲೆ ಎಳೆಯುವ ಫೋಟೋ ಅಂದುಕೊಳ್ಳಿ. ಹಿಮ್ಮಡಿ ಮರಳಿನಲ್ಲಿ ಹುಗಿದು ಜನ ಸಾಲಾಗಿ ಹಗ್ಗ ಜಗ್ಗುತ್ತಿದ್ದಾರೆ, ಬಲೆ ಇನ್ನೂ ನೀರಿನಲ್ಲೇ ಇದೆ, ಮೀನು ಎಲ್ಲೂ ಕಾಣುತ್ತಿಲ್ಲ. ನೋಡಿದವರು "ಇವರು ದೋಣಿ ಎಳೀತಾ ಇದ್ದಾರಾ?" ಅಂತ ಕೇಳಬಹುದು. ಸಿಕ್ಕಿತಲ್ಲ! ಇದು ಬಲೆ, ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಅರ್ಧ ಸುತ್ತು ಬಿಟ್ಟು ಬಂದು ಎರಡೂ ತುದಿಯನ್ನು ದಡದಿಂದ ಎಳೆಯುತ್ತಾರೆ, ಇನ್ನೊಂದು ತುದಿ ಎಳೆಯುವ ಗುಂಪು ಫೋಟೋದ ಆಚೆಗಿದೆ. ಬರೆಯಬೇಕಾದ್ದು ಇಷ್ಟೇ. "ಶ್ರಮಜೀವಿಗಳ ಬೆವರು" ಅಂತೆಲ್ಲ ಬೇಡ, ಬೆವರು ಫೋಟೋದಲ್ಲೇ ಇದೆ.

ಯಾರೂ ಏನೂ ಕೇಳದೆ ಸುಮ್ನೆ ನೋಡುತ್ತಾ ನಿಂತರೆ? ಹೆಸರು, ಜಾಗ, ತಾರೀಖು ಹಾಕಿ, ಪೆನ್ನು ಕೆಳಗಿಡಿ.

ಕಣ್ಣಿಗೆ ಕಾಣುವುದನ್ನೇ ಮತ್ತೆ ಬರೆಯುವುದು ಎಲ್ಲಕ್ಕಿಂತ ಜಾಸ್ತಿ ನಡೆಯುವ ತಪ್ಪು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಪದ್ಮಶ್ರೀ ತೆಗೆದುಕೊಳ್ಳೋಕೆ ಹೋದಾಗಿನ ಫೋಟೋ ನೆನಪಿದೆ ಅಲ್ವಾ? ಕೊರಳ ತುಂಬ ಮಣಿಸರ, ಅವರ ಹಾಲಕ್ಕಿ ಸಮುದಾಯದ ಉಡುಗೆ, ಬರಿಗಾಲು. ದೇಶವೆಲ್ಲ ಹಂಚಿಕೊಂಡಿತು. ಎಷ್ಟೋ ಕಡೆ ಕೆಳಗೆ ಬರೆದಿದ್ದು ಬರಿಗಾಲಲ್ಲಿ ಬಂದರು ಅಂತ. ಕಾಲು ಕಾಣುತ್ತಿದೆಯಲ್ಲ ಮಾರಾಯ್ರೆ! ಕಾಣದೇ ಇರುವುದು ಬೇರೆ: ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಸಸಿ ಬೆಳೆಸಿದ್ದು, ಬೀಜಕ್ಕೆ ಯಾವ ತಾಯಿಮರ ಸರಿ ಅಂತ ಕಾಡಿನಲ್ಲಿ ಗುರುತು ಹಿಡಿಯುತ್ತಿದ್ದದ್ದು. ಹಾಲಕ್ಕಿ ಅಜ್ಜಿಯೊಬ್ಬರು ಬರಿಗಾಲಲ್ಲಿ ನಡೆಯುವುದು ನಮ್ಮ ಕಡೆ ಸುದ್ದಿಯೇ ಅಲ್ಲ. ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಈಗ ಆ ಫೋಟೋ ಹಾಕುವವರು ಸಸಿಯ ಮಾತು ಬರೆಯದಿದ್ದರೆ ಉಳಿಯುವುದು ಬರೀ ಕಾಲು.

ಇನ್ನು ಹೆಸರಿನ ವಿಷಯ. ಇದರಲ್ಲಿ ನಾನು ಸ್ವಲ್ಪ ಹಠಮಾರಿ. ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ತೆಗೆದ ತಾಯಿ ಮಕ್ಕಳ ಫೋಟೋ ಜಗತ್ತಿಗೇ ಗೊತ್ತು. ಬಟಾಣಿ ಕೀಳುವ ಕೂಲಿ, ಏಳು ಮಕ್ಕಳ ತಾಯಿ, ವಯಸ್ಸು 32 ಅಂತ ಬರೆದುಕೊಂಡಿದ್ದರು. ಹೆಸರು ಮಾತ್ರ ಇರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಹೊರಗೆ ಗೊತ್ತಾಗಿದ್ದು 1978ರಲ್ಲಿ, ಆಗ ಆಕೆ ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ನನ್ನ ಹೆಸರೂ ಕೇಳಲಿಲ್ಲ ಅಂತ ಬೇಸರ ಮಾಡಿಕೊಂಡಿದ್ದರು. ಕಾರವಾರದ ಮೀನು ಪೇಟೆಯಲ್ಲಿ ಫೋಟೋ ತೆಗೆದು "ಮೀನು ಮಾರುವ ಮಹಿಳೆ" ಅಂತ ಬರೆಯುವವರಿಗೆ ಇದನ್ನು ಹೇಳಬೇಕು. "ಅಕ್ಕಾ, ಒಂದು ಫೋಟೋ ತೆಗೀಲಾ? ಹೆಸರು ಹಾಕಬಹುದಾ?" ಅಂತ ಕೇಳೋಕೆ ಅರ್ಧ ನಿಮಿಷವೂ ಬೇಡ. ಕೊಂಕಣಿ ಬಂದರೆ ಇನ್ನೂ ಒಳ್ಳೆಯದು. ಬೇಡ ಅಂದರೆ ಬೇಡ, ಫೋಟೋನೂ ಬೇಡ ಅಂದರೆ ಅದೂ ಬೇಡ. ಮತ್ತೆ ಸುಮ್ನೆ ನಿಂತು ಬಂಗಡೆ ದರ ಕೇಳಿ ಬನ್ನಿ.

ತಾರೀಖನ್ನು ಜನ ತೀರಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕಾಳಿ ನದಿಯ ಮೇಲೆ ಸೂರ್ಯ ಮುಳುಗುವ ಫೋಟೋ ಕಾರವಾರದ ಪ್ರತಿ ಮೊಬೈಲಿನಲ್ಲೂ ಇದೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಉಳಿಸಿದರು. ಅದಾದ ಮೇಲೆ, ಎರಡೂ ಸೇತುವೆ ಪೂರ್ತಿ ಕಾಣುವ ಆ ಸಾಧಾರಣ ಫೋಟೋಗಳೆಲ್ಲ ದಾಖಲೆಯಾಗಿಬಿಟ್ಟವು. ಆದರೆ ತಾರೀಖು ಇಲ್ಲದಿದ್ದರೆ ಅದು ಮತ್ತೊಂದು ಸೂರ್ಯಾಸ್ತ ಅಷ್ಟೇ. ಮೊಬೈಲ್ ತಾರೀಖು ಇಟ್ಟುಕೊಳ್ಳುತ್ತದಲ್ಲ ಅಂತೀರಾ? ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಒಳಗಿನ ಆ ವಿವರ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ, ಕಡತದ ಹೆಸರಲ್ಲೇ ವರ್ಷ, ತಿಂಗಳು, ಜಾಗ ಹಾಕಿಟ್ಟರೆ ಇನ್ನೂ ಗಟ್ಟಿ.

ಹಾಗಂತ ಎಲ್ಲದಕ್ಕೂ ಬರೆಯಬೇಡಿ. ಯಾಣದ ಬಂಡೆಗೆ "ಪ್ರಕೃತಿಯ ವಿಸ್ಮಯ" ಅಂತ ಬರೆದರೆ ಬಂಡೆ ಇನ್ನಷ್ಟು ಎತ್ತರ ಆಗುವುದಿಲ್ಲ. ಎತ್ತರ ಗೊತ್ತಾಗಬೇಕಾದರೆ ಬುಡದಲ್ಲಿ ಒಬ್ಬರನ್ನು ನಿಲ್ಲಿಸಿ ತೆಗೆಯಿರಿ, ಅಲ್ಲಿ ಮಾತು ಮಾಡುವ ಕೆಲಸವನ್ನು ಆ ಮನುಷ್ಯ ಮಾಡುತ್ತಾನೆ. ಸಮುದ್ರದ ಫೋಟೋ ಮೇಲೆ ಕವನ ಅಂಟಿಸುವುದಂತೂ ದಯವಿಟ್ಟು ಬೇಡ. ಬರೆಯುವುದಿದ್ದರೆ ಕೆಳಗೆ ಬರೆಯಿರಿ, ಫೋಟೋ ಮೇಲಲ್ಲ. ಗೋಡೆಗೆ ಹಾಕುವಾಗಲೂ ಚೀಟಿಯನ್ನು ಸ್ವಲ್ಪ ಕೆಳಗೆ, ಪಕ್ಕಕ್ಕೆ ಅಂಟಿಸಿ. ಕಣ್ಣಿನ ಮಟ್ಟಕ್ಕೇ ಚೀಟಿ ಇದ್ದರೆ ಜನ ಓದುತ್ತಾರೆ, ನೋಡುವುದಿಲ್ಲ.

ಒಂದು ಕಡೆ ಮಾತ್ರ ಈ ಲೆಕ್ಕ ಪೂರ್ತಿ ತಿರುಗುಮುರುಗು. ಕಣ್ಣು ಕಾಣದವರು ಮೊಬೈಲಿನಲ್ಲಿ ಪರದೆ ಓದಿಸಿಕೊಂಡು ಕೇಳುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ಆಲ್ಟ್ ಟೆಕ್ಸ್ಟ್ ಅಂತ ಒಂದು ಜಾಗ ಇರುತ್ತದಲ್ಲ, ಅದು ಅವರಿಗೆ. ಅಲ್ಲಿ ಕಾಣುವುದನ್ನೇ ಬರೆಯಬೇಕು: "ಮರಳ ಮೇಲೆ ಹಗ್ಗ ಜಗ್ಗುತ್ತಿರುವ ಜನರ ಸಾಲು, ಹಿಂದೆ ಸಮುದ್ರ." ಒಂದೆರಡು ವಾಕ್ಯ, ಸಾಕು.

ಮನೆಯ ಹಳೇ ಆಲ್ಬಮ್ಮಿಗೆ ಬಂದರೆ ಚರ್ಚೆಯೇ ಇಲ್ಲ, ಬರೆಯಲೇಬೇಕು, ಅದೂ ಗುರುತು ಹಿಡಿಯುವ ಹಿರಿಯರು ಇರುವಾಗಲೇ. ಆಯಿ, ಅಜ್ಜಿ ಯಾರಾದರೂ ಪಕ್ಕದಲ್ಲಿ ಕೂತು ಎಡದಿಂದ ಬಲಕ್ಕೆ ಹೆಸರು ಹೇಳಲಿ, ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಅಚ್ಚು ಮುಂದೆ ಮೂಡುತ್ತದೆ, ಮೆತ್ತಗಿನ ಪೆನ್ಸಿಲಿನಿಂದ ಹಿಂಬದಿಯ ಅಂಚಿನಲ್ಲಿ ಬರೆಯಿರಿ. ನಮ್ಮ ಮಳೆಗಾಲದ ತೇವಕ್ಕೆ ಗಾಜಿಗೆ ಅಂಟಿಕೊಂಡ ಫೋಟೋ ಇದ್ದರೆ ಕಿತ್ತು ತೆಗೆಯೋಕೆ ಹೋಗಬೇಡಿ, ಹರಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಹೆಸರುಗಳನ್ನು ಚೌಕಟ್ಟಿನ ಹಿಂದಿನ ರಟ್ಟಿನ ಮೇಲೆ ಬರೆಯಿರಿ.