ಆಟ ನಿಂತೋದಾಗ ಆಡೋ ಮಕ್ಕಳ ಮನಸ್ಸು ನೋಡ್ಕೊಳ್ಳೋದು ಹೇಗೆ?

ದೊಡ್ಡೋರಿಗೆ ಒಂದು ಸೀಸನ್ ಹೋದ್ರೆ ಸೀಸನ್ ಮಾತ್ರ ಹೋಗುತ್ತೆ, ಅಂಡರ್-16 ಆಡೋ ಹುಡುಗನಿಗೆ ವಯಸ್ಸೇ ದಾಟೋಗುತ್ತೆ. 1934ರಲ್ಲಿ ಶುರುವಾದ ರಣಜಿ ಟ್ರೋಫಿನೇ 2020-21ರಲ್ಲಿ ಕೋವಿಡ್‌ನಿಂದ ನಡೀಲಿಲ್ಲ, ಇನ್ನು ಚಿಕ್ಕ ಮಕ್ಕಳ ಟೂರ್ನಿಗಳನ್ನ ಕೇಳೋರು ಯಾರು. ಕೋವಿಡ್ ಒಂದೇ ಅಲ್ಲ, ಕುಸ್ತಿ ಫೆಡರೇಶನ್ ಗಲಾಟೆ ಆಗಿ ಟೂರ್ನಿಗಳು ನಿಂತಾಗ 2024ರ ಜನವರಿಯಲ್ಲಿ ಜೂನಿಯರ್ ಪೈಲ್ವಾನರು ದಿಲ್ಲಿ ಜಂತರ್ ಮಂತರ್‌ಗೆ ಬಂದು ನಮ್ಮ ಒಂದು ವರ್ಷ ಹಾಳಾಯ್ತು ಅಂತ ಕೂತಿದ್ರು. ಮನೇಲಿ ಮುಖ ಊದಿಸ್ಕೊಂಡು ಕೂತಿರೋ ಮಗು ಹೇಳ್ತಿರೋದೂ ಅದನ್ನೇ, ಬಾಯಿ ಬಿಟ್ಟು ಹೇಳೋಕೆ ಬರ್ತಿಲ್ಲ ಅಷ್ಟೇ.

ಮೊದಲನೇದು, ದುಃಖ ಪಡೋಕೆ ಬಿಡಿ

"ಹೋಗ್ಲಿ ಬಿಡೋ, ಮುಂದಿನ ವರ್ಷ ಇದ್ಯಲ್ಲ" ಅನ್ನೋ ಮಾತು ಬೇಡ, ಮುಂದಿನ ವರ್ಷ ಆ ಕೆಟಗರಿಯಲ್ಲಿ ತಾನಿರಲ್ಲ ಅಂತ ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. "ಒಳ್ಳೇದೇ ಆಯ್ತು, ಎಸ್ಸೆಸ್ಸೆಲ್ಸಿಗೆ ಓದ್ಕೋ" ಅನ್ನೋದಂತೂ ಗಾಯದ ಮೇಲೆ ಬರೆ. ಪಕ್ಕದಲ್ಲಿ ಕೂತು "ಯಾವ ಮ್ಯಾಚ್‌ಗೆ ಕಾಯ್ತಿದ್ದೆ ಕಂದಾ?" ಅಂತ ಕೇಳಿ ಸುಮ್ನಿರಿ. ಅತ್ರೆ ಅಳಲಿ, ಗಂಡು ಹುಡುಗ ಅಳಬಾರದು ಅನ್ನೋ ಹಳೇ ಮಾತನ್ನ ದಯವಿಟ್ಟು ತರಬೇಡಿ.

ಆಮೇಲೆ ದಿನಚರಿ

ಬೆಳಿಗ್ಗೆ ಐದಕ್ಕೆ ಏಳೋ ಮಗು ಹನ್ನೊಂದಕ್ಕೆ ಏಳ್ತಿದೆ ಅಂದ್ರೆ ಸೋಮಾರಿತನ ಅನ್ಕೋಬೇಡಿ, ಏಳೋಕೆ ಕಾರಣನೇ ಹೋಗಿದೆ. ಪ್ರಾಕ್ಟೀಸ್ ಇದ್ದ ಟೈಮಲ್ಲೇ ಟೆರೇಸ್ ಮೇಲೆ ಅರ್ಧ ಗಂಟೆ ಸ್ಕಿಪ್ಪಿಂಗ್, ಸ್ಟ್ರೆಚಿಂಗ್, ಬ್ಯಾಟ್ ಹಿಡ್ಕೊಂಡು ಬಾಲ್ ಇಲ್ಲದೇ ಶ್ಯಾಡೋ ಪ್ರಾಕ್ಟೀಸ್, ಏನಾದ್ರೂ ಒಂದು, ಏನು ಮಾಡೋದು ಅಂತ ಅವನೇ ಹೇಳಲಿ ನೀವು ಜೊತೆಗಿದ್ರೆ ಸಾಕು. ಮನೇಲಿ ಮಾಡೋಕೇ ಆಗದ ಆಟಗಳೂ ಇವೆ. 2020ರಲ್ಲಿ ದೇಶದ ಈಜುಕೊಳಗಳು ಮಾರ್ಚ್‌ನಲ್ಲಿ ಮುಚ್ಚಿ, ಆಟಗಾರರ ಟ್ರೇನಿಂಗ್‌ಗೆ ತೆರೆಯೋಕೆ ಕೇಂದ್ರ ಒಪ್ಪಿದ್ದು ಅಕ್ಟೋಬರ್ 15ರಿಂದ, ಅಷ್ಟು ತಿಂಗಳು ನೀರಿಲ್ಲದೆ ಈಜುಗಾರರು ಹೇಗಿದ್ರೋ! ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಆಗ ಹತ್ತೊಂಬತ್ತರ ಹುಡುಗ, 2021ರ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನ 53.77 ಸೆಕೆಂಡಲ್ಲಿ ಮುಗಿಸಿ ಟೋಕಿಯೋ ಒಲಿಂಪಿಕ್ಸ್‌ಗೆ ಹೋದ್ರು. ಇದನ್ನ ಮಗೂಗೆ ಹೇಳಿ, ಆದ್ರೆ "ಅವನು ಮಾಡ್ಲಿಲ್ವಾ, ನಿಂಗೇನು?" ಅಂತ ಮಾತ್ರ ಕೊನೇಲಿ ಸೇರಿಸಬೇಡಿ.

ಟೀಮ್ ಕೈಬಿಡಬಾರದು

ಎಷ್ಟೋ ಮಕ್ಕಳಿಗೆ ಗೆಳೆಯರು ಅಂದ್ರೆ ಗ್ರೌಂಡಲ್ಲಿರೋರೇ. ಕೋಚ್‌ಗೆ ನೀವೇ ಫೋನ್ ಮಾಡಿ, ವಾರಕ್ಕೊಂದ್ ಸಲ ಹುಡುಗ್ರ ಹತ್ರ ಮಾತಾಡಿ ಸರ್ ಅಂತ ಕೇಳ್ಕೊಳ್ಳಿ. ಕೋಚ್ ಐದು ನಿಮಿಷ ಮಾತಾಡೋದು ನಾವು ಒಂದು ಗಂಟೆ ಹೇಳೋದಕ್ಕಿಂತ ಒಳಗೆ ಇಳಿಯುತ್ತೆ.

ಇದನ್ನ ಕಣ್ಣಿಟ್ಟು ನೋಡಿ

ಎರಡು ವಾರ ಆದ್ರೂ ದಿನವಿಡೀ ಮಂಕಾಗೇ ಇರೋದು, ನಿದ್ದೆ ಕೆಡೋದು, ಎಲ್ಲದಕ್ಕೂ ಸಿಡುಕೋದು, ಫ್ರೆಂಡ್ಸ್ ಫೋನ್ ಎತ್ತದೇ ಇರೋದು. ಇನ್ನೊಂದು ನಮ್ಮ ಕಣ್ಣಿಗೆ ಬೇಗ ಬೀಳಲ್ಲ, ಪ್ರಾಕ್ಟೀಸ್ ಇಲ್ಲ ದಪ್ಪ ಆಗ್ಬಿಡ್ತೀನಿ ಅಂತ ಊಟ ಬಿಡೋದು, ಓಟ, ಕುಸ್ತಿ, ಜಿಮ್ನಾಸ್ಟಿಕ್ಸ್ ಮಾಡೋ ಮಕ್ಕಳ ತಟ್ಟೆ ಕಡೆ ಗಮನ ಇರಲಿ. "ನಾನಿದ್ದೇನು ಪ್ರಯೋಜನ" ಅನ್ನೋ ಥರ ಮಾತು ಬಂದ್ರೆ ಎರಡು ವಾರ ಕಾಯ್ಬೇಡಿ, ಅವತ್ತೇ ಸಾಯೋ ಯೋಚನೆ ಬರ್ತಿದ್ಯಾ ಅಂತ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಅನ್ನೋದು ತಪ್ಪು, ಕೇಳಿದ್ರೆನೇ ಮಗು ಬಾಯಿ ಬಿಡೋದು. ಹೌದು ಅಂದ್ರೆ ಒಂಟಿಯಾಗಿ ಬಿಡದೆ ತಕ್ಷಣ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಹಗಲೂ ರಾತ್ರಿ ಫ್ರೀ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ಅಪ್ಪ ಅಮ್ಮನೂ ಫೋನ್ ಮಾಡಿ ಕೇಳಬಹುದು.

ಗ್ರೌಂಡ್ ತೆರೆದ ಮೇಲೆ

ಮೊದಲ ದಿನಾನೇ ಹಳೇ ಟೈಮಿಂಗ್ ಬರಲ್ಲ, ಒಂದೇ ಸಲ ಜೋರು ಮಾಡಿದ್ರೆ ಇಂಜುರಿ ಆಗೋದೇ ಹೆಚ್ಚು. ಮೊದಲ ಕೆಲವು ವಾರ ಸ್ಕೋರ್ ಕೇಳ್ಬೇಡಿ. ಇನ್ನು ಕೆಲವು ಮಕ್ಕಳು "ನಂಗೆ ಆಟನೇ ಬೇಡ" ಅಂತಾರೆ, ಆಗ ಅಕಾಡೆಮಿ ಫೀಸ್ ಲೆಕ್ಕ ತೆಗೀಬೇಡಿ, ಕಿಟ್ ಮಾರೋಕೂ ಹೋಗ್ಬೇಡಿ, ಒಂದೆರಡು ತಿಂಗಳು ಬಿಟ್ಟು ಮತ್ತೆ ಒಂದ್ ಸಲ ಕೇಳಿ.